ಎಡೆಗಿಟ್ಟ ಐಫೋನ್

ಹಾಲುತುಪ್ಪ ಮುಗಿಸಿ ನೆಂಟರೆಲ್ಲ ಊರಿನ ರೈಲು ಹತ್ತಿದ ಮೇಲೆ ಬಂದ ಮೊದಲ ಬೆಳಿಗ್ಗೆ, ಜಗದೀಶನ ಫೋನು ಎಂದಿನ ಹೊತ್ತಿಗೆ ಎಂದಿನಂತೆಯೇ ಕೂಗಿಕೊಂಡಿತು. ಬೆಳಗಿನ ಪಾಳಿಗೆಂದು ಇಟ್ಟಿದ್ದ ಅಲಾರಂ. ಅದನ್ನು ತೆಗೆದಿಡುವಷ್ಟು ವ್ಯವಧಾನವನ್ನು ಸಾವು ಅವನಿಗೆ ಕೊಟ್ಟಿರಲಿಲ್ಲ. ಹಡಗು ರಿಪೇರಿಯ ಯಾರ್ಡಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತವನು ಮತ್ತೆ ಏಳಲಿಲ್ಲ, ಅಷ್ಟೆ.

ಫೋನು ಫ್ರಿಜ್ಜಿನ ಮೇಲೆ ಚಾರ್ಜಿಗಿತ್ತು. ನಿಶ್ಚಿತಾಳ ಮಾವ ಚಿಕ್ಕಣ್ಣ ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದು ನಿಂತರು. ಅತ್ತೆ ಚಂದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. ಮೈದುನ ತೇಜಸ್ ಕಣ್ಣುಜ್ಜಿಕೊಳ್ಳುತ್ತ ಬಂದು ಫೋನಿನ ಬೆನ್ನಿನ ಮೇಲಿನ ಕಚ್ಚಿದ ಸೇಬನ್ನು ನೋಡುತ್ತ ನಿಂತ.

"ಯಾರಾದ್ರೂ ಆಫ್ ಮಾಡ್ರಪ್ಪಾ," ಎಂದರು ಚಿಕ್ಕಣ್ಣ.

"ಬಡ್ಕೊಳ್ಲಿ ಬುಡಿ. ನನ್ ಮಗ ಏಳೋ ಹೊತ್ತು," ಎಂದರು ಚಂದ್ರಮ್ಮ.

ನಿಶ್ಚಿತಾ ಅಡುಗೆಮನೆಯಿಂದ ಬಂದು ಬೆರಳಾಡಿಸಿ ಅದನ್ನು ಸುಮ್ಮನಾಗಿಸಿದಳು. ಹಾಲು ಉಕ್ಕುತ್ತದೆಂದು ಕೂಡಲೇ ತಿರುಗಿಹೋದಳು. ಗಂಡ ಸತ್ತ ಮೇಲೆ ಆ ಮನೆಯ ಒಲೆ ಹೊತ್ತಿದ್ದು ಅವತ್ತೇ ಮೊದಲು. ಅಲ್ಲಿಯವರೆಗೆ ಎದುರು ಫ್ಲ್ಯಾಟಿನ ತೆಲುಗರ ವಿಜಯಲಕ್ಷ್ಮೀ ಕ್ಯಾರಿಯರಿನಲ್ಲಿ ಅನ್ನ, ಪಪ್ಪು, ಚಾರು ಕಳಿಸಿದ್ದಳು. ಇವತ್ತು ರವೆ ಹುರಿಯಬೇಕು, ಈರುಳ್ಳಿ ಹೆಚ್ಚಬೇಕು. ಈರುಳ್ಳಿ ಹೆಚ್ಚುವಾಗ ಬಂದ ನೀರನ್ನು ಅತ್ತೆ ಬೇರೆ ಲೆಕ್ಕಕ್ಕೆ ಹಿಡಿದು, "ಅಳವ್ವಾ, ಅತ್ತುಬುಡು," ಎಂದರು. ನಿಶ್ಚಿತಾ ತಿದ್ದಲು ಹೋಗಲಿಲ್ಲ.

ತಟ್ಟೆಗೆ ಉಪ್ಪಿಟ್ಟು ಬೀಳುವ ಮುಂಚೆಯೇ ತೇಜಸ್ ಕೇಳಿದ. "ಅತ್ತಿಗೆ, ಪಾಸ್‌ಕೋಡ್ ಗೊತ್ತಾ ನಿಮಗೆ?"

"ಯಾಕೆ?"

"ಏನಿಲ್ಲ. ಅಣ್ಣಂದು ಫೋಟೋಸ್ ಇರ್ತವಲ್ಲ. ಬ್ಯಾಕಪ್ ತಗೊಂಡ್ರೆ ಬೆಟರ್ ಕದಾ, ಅಲ್ವಾ?"

"ಗೊತ್ತಿಲ್ಲ."

"ಅವನ ಬರ್ತ್‌ಡೇ ಹಾಕಿದೆ, ಆಗಲಿಲ್ಲ. ನಿಮ್ಮ ಮ್ಯಾರೇಜ್ ಡೇನೂ ಹಾಕಿದೆ." ತೇಜಸ್ ಖಾಲಿ ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡ. "ಅದೂ ಆಗಲಿಲ್ಲ."

ಅಣ್ಣನ ಬಾಯಿಗೆ ಅಕ್ಕಿ ಹಾಕಿ ಬಂದವನಿಗೆ ಅಷ್ಟು ಬೇಗ ಬೆರಳು ಹೇಗೆ ಆಡಿತು ಎಂದು ನಿಶ್ಚಿತಾ ಯೋಚಿಸಿದಳು. ಆದರೆ ಉಪ್ಪಿಟ್ಟಿಗೆ ನಿಂಬೆಹಣ್ಣು ಬೇಕೇ ಎಂದಷ್ಟೇ ಕೇಳಿದಳು.

ಆ ಆರು ಅಂಕಿಗಳು ಅವಳಿಗೆ ಗೊತ್ತಿದ್ದವು. ಅದು ಪಾಲಕೊಂಡದ ಪಿನ್‌ಕೋಡು. ಪಾಲಕೊಂಡಕ್ಕೂ ಈ ಮನೆಗೂ ಯಾವ ಸಂಬಂಧವೂ ಇರಲಿಲ್ಲ. ಅದು ಫಣಿಯ ಊರು. ಫಣಿ ಜಗದೀಶನ ಜೊತೆ ಅದೇ ಯಾರ್ಡಿನಲ್ಲಿ ಕೆಲಸ ಮಾಡುವ ಫಿಟ್ಟರ್, ದುವ್ವಾಡದಲ್ಲಿ ಮನೆ. ಫೋನು ಅವನದು.

*

ಇದು ಹೇಗಾಯಿತೆಂದರೆ, ಈ ಮನೆಯ ಮಗಳು ಕೃಪಾಳನ್ನು ವಿಜಯವಾಡಕ್ಕೆ ಕೊಟ್ಟಿದ್ದರಿಂದ.

ಚಿಕ್ಕಣ್ಣ ತುರುವೇಕೆರೆ ಕಡೆಯವರು. ನೌಕಾಪಡೆಯಲ್ಲಿ ಎಂಜಿನ್ ರೂಮಿನ ಕೆಲಸ ಮುಗಿಸಿ, ಪಿಂಚಣಿ ಹಿಡಿದು, ಆಂಧ್ರದ ಕರಾವಳಿಯ ಗಾಜುವಾಕದಲ್ಲೇ ಎರಡು ಕೋಣೆಯ ಫ್ಲ್ಯಾಟು ಕೊಂಡು ಉಳಿದವರು. ಮಕ್ಕಳು ತೆಲುಗಿನಲ್ಲೇ ಬೆಳೆದರು, ಮಗಳು ತೆಲುಗರ ಮನೆಗೇ ಹೋದಳು. ಕೃಪಾಳ ಗಂಡ ಅನಿಲ್‌ಕುಮಾರ್ ಇಬ್ರಾಹಿಂಪಟ್ನಂನ ಥರ್ಮಲ್ ಸ್ಟೇಷನ್ನಿನಲ್ಲಿ ಎಂಜಿನಿಯರ್. ಆ ಮನೆಯಲ್ಲಿ ಐಫೋನು ಒಂದು ಗೋತ್ರ. ಮಾವನಿಂದ ಹಿಡಿದು ಎಲ್ಲರ ಕೈಯಲ್ಲೂ ಅದೇ. ಅತ್ತೆ ಸೀತಾಮಹಾಲಕ್ಷ್ಮಿಯವರಿಗೆ ಅದರಲ್ಲಿ ಫೋನು ಎತ್ತುವುದು, ಇಡುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆದರೂ ಬಂದವರ ಮುಂದೆ ಅದನ್ನು ತಾಂಬೂಲದ ತಟ್ಟೆಯ ಹಾಗೆ ಟೀಪಾಯಿಯ ಮೇಲೆ ಬೆನ್ನು ಮೇಲೆ ಮಾಡಿ ಇಡುತ್ತಿದ್ದರು.

ಕೃಪಾಳ ಮಗುವಿನ ಕಿವಿ ಚುಚ್ಚಿಸಿದ ದಿನ ಊಟವಾದ ಮೇಲೆ ಎಲ್ಲರೂ ಫೋಟೋ ಹಂಚಿಕೊಂಡರು. ಐಫೋನಿನಿಂದ ಐಫೋನಿಗೆ ಗಾಳಿಯಲ್ಲೇ ಹಾರಿಹೋಗುವ ವಿದ್ಯೆ ಅದು. ಜಗದೀಶನೂ ತನ್ನ ಫೋನು ಹಿಡಿದು ಮುಂದೆ ಬಂದಿದ್ದ. ಅನಿಲ್‌ಕುಮಾರ್ ನಕ್ಕು, "ಬಾವಗಾರೂ, ನಿಮ್ಮದು ಆಂಡ್ರಾಯ್ಡ್ ಕದಾ. ಇದು ಬರಲ್ಲ," ಎಂದ. ಸೀತಾಮಹಾಲಕ್ಷ್ಮಿ ಒಳಗಿನಿಂದ, "ಪಾಪಂ, ಅವರಿಗೆ ವಾಟ್ಸಾಪಿನಲ್ಲಿ ಹಾಕೋ ಅಬ್ಬಾಯ್," ಎಂದರು. ಆ 'ಪಾಪಂ' ಎನ್ನುವುದನ್ನು ಪಾತ್ರೆ ತೊಳೆಯುವವಳಿಗೆ ಮಿಕ್ಕ ಪುಳಿಹೋರ ಕಟ್ಟಿಕೊಡುವಾಗಲೂ ಅವರು ಅದೇ ಧಾಟಿಯಲ್ಲಿ ಹೇಳಿದ್ದರು. ಚಂದ್ರಮ್ಮ ತಲೆ ತಗ್ಗಿಸಿ ಎಲೆ ಮಡಚಿದ್ದರು.

ಅದಾದ ಮೇಲೆ ವಿಜಯವಾಡದ ಹೊಸ ಫ್ಲ್ಯಾಟಿನ ಗೃಹಪ್ರವೇಶ ಬಂತು. ಜಗದೀಶ ಐಫೋನು ಹಿಡಿದು ಹೋದ. ಅನಿಲ್‌ಕುಮಾರ್ ಬೆನ್ನು ತಟ್ಟಿದ. ಗಾಳಿಯಲ್ಲಿ ಫೋಟೋಗಳು ಹಾರಿಬಂದವು. ಮರಳುವಾಗ ರೈಲಿನಲ್ಲಿ ಹೆಂಡತಿಯ ಕಿವಿಗೆ ಮಾತ್ರ ಹೇಳಿದ. "ಫಣಿದು. ಎರಡು ದಿನದ ಮಟ್ಟಿಗೆ. ನನ್ನದು ಅವನ ಹತ್ತಿರ ಇದೆ."

"ಶರ್ಟೂ ಅವರದೇ ಹಾಕ್ಕೊಂಡು ಬರಬಹುದಿತ್ತು," ಎಂದಿದ್ದಳು ನಿಶ್ಚಿತಾ.

ಅವನು ನಕ್ಕಿದ್ದ. ಅವನಿಗೆ ಬೇಗ ನಗು ಬರುತ್ತಿತ್ತು, ಬೇಗ ಅವಮಾನವೂ ಆಗುತ್ತಿತ್ತು. ಎರಡು ದಿನ ಎಂದವನು ಇನ್ನೊಂದು ವಾರ, ಇನ್ನೊಂದು ವಾರ ಎಂದು ದೂಡುತ್ತಲೇ ಬಂದ. ಯಾಕೆ ಎಂದರೆ ಮಾತು ಬದಲಿಸುತ್ತಿದ್ದ. ಫಣಿ ಸಂಕೋಚದ ಮನುಷ್ಯ, ಬಾಯಿ ಬಿಟ್ಟು ಕೇಳಲಿಲ್ಲ. ಸುಡುಗಾಡಿಗೂ ಬಂದಿದ್ದ. ಅವನ ಜೇಬಿನಿಂದ ಜಗದೀಶನ ಹಳೆಯ ಆಂಡ್ರಾಯ್ಡು ಅರ್ಧ ಇಣುಕುತ್ತಿತ್ತು, ಮೂಲೆ ಒಡೆದದ್ದು, ಗ್ರೀಸು ಹತ್ತಿದ್ದು. ನಿಶ್ಚಿತಾ ಹೆಣಕ್ಕಿಂತ ಹೆಚ್ಚು ಹೊತ್ತು ಆ ಜೇಬನ್ನೇ ನೋಡಿದ್ದಳು.

ಯಾಕೆಂದರೆ ಜಗದೀಶನ ದನಿ ಇದ್ದದ್ದು ಅದರೊಳಗೆ. ಹಡಗಿನ ಎಂಜಿನ್ ರಿಪೇರಿಗೆ ಬಂದರೆ ಅವನು ಮೊದಲು ಅದರ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಸದ್ದಿನ ಮೇಲೆಯೇ ಜೋರಾಗಿ ಹೇಳುತ್ತಿದ್ದ: ಯಾವ ಹಡಗು, ಎಷ್ಟನೆಯ ಸಿಲಿಂಡರು, ಎಲ್ಲಿ ಕೆಮ್ಮುತ್ತಿದೆ. ಮನೆಗೆ ಬಂದು, ಚಪಾತಿ ಲಟ್ಟಿಸುತ್ತಿದ್ದ ಹೆಂಡತಿಗೆ ಅದನ್ನು ಕೇಳಿಸಿ, "ಹೇಳು, ಇದಕ್ಕೆ ಏನು ರೋಗ?" ಎನ್ನುತ್ತಿದ್ದ. ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ, ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವವಳು ಏನು ಹೇಳಬೇಕು? "ಅಸ್ತಮಾ," ಎನ್ನುತ್ತಿದ್ದಳು. ಆ 'ಅಸ್ತಮಾ' ಕೂಡ ಅವನ ನಗುವಿನೊಂದಿಗೆ ಒಂದೆರಡು ರೆಕಾರ್ಡಿನಲ್ಲಿ ಸೇರಿಕೊಂಡಿತ್ತು. ಅವಳ ಸ್ವಂತ ಫೋನಿನಲ್ಲಿ ಜಾಗವೇ ಇರುತ್ತಿರಲಿಲ್ಲ, ವಾರಕ್ಕೊಮ್ಮೆ ಎಲ್ಲ ಅಳಿಸುತ್ತಿದ್ದಳು. ಐಫೋನಿನಲ್ಲಿ ಅವನು ಒಂದು ಎಂಜಿನ್ನನ್ನೂ ರೆಕಾರ್ಡ್ ಮಾಡಿರಲಿಲ್ಲ. ಗ್ರೀಸು ಹತ್ತೀತೆಂದು ಅದನ್ನು ಲಾಕರಿನಲ್ಲಿಟ್ಟು ಕೆಲಸಕ್ಕೆ ಹೋಗುತ್ತಿದ್ದ.

ಅವಳಿಗೆ ಬೇಕಾದದ್ದು ಆ ಒಡಕು ಫೋನು. ಅದು ಕೈಗೆ ಬರಬೇಕಾದರೆ ಇದು ಮನೆಯಿಂದ ಹೋಗಬೇಕು. ಇದು ಹೋದರೆ ಸತ್ತ ಮಗನ ಮಾನವೂ ಜೊತೆಯಲ್ಲಿ ಹೋಗುತ್ತದೆ.

*

ಹನ್ನೊಂದನೆಯ ದಿನ ಕೃಪಾ, ಅನಿಲ್‌ಕುಮಾರ್ ಬಂದರು. ಚಿಕ್ಕಣ್ಣ ಊರಿನ ಪದ್ಧತಿಯಂತೆ ಮಗನ ಫೋಟೋದ ಮುಂದೆ ಎಡೆ ಹಾಕಿಸಿದರು. ಮುದ್ದೆ, ಅನ್ನ, ಕೋಳಿಸಾರು, ಕಡಲೆಪುರಿ, ಒಂದು ಪ್ಯಾಕು ಸಿಗರೇಟು, ಹೊಸ ಪಂಚೆ. ಸತ್ತವನಿಗೆ ಇಷ್ಟವಾದದ್ದೆಲ್ಲ ಎಲೆಯ ಮುಂದೆ ಬರಬೇಕು. ಎಲ್ಲ ಇಟ್ಟಾದ ಮೇಲೆ ಚಂದ್ರಮ್ಮ ಎದ್ದುಹೋಗಿ ಐಫೋನು ತಂದರು. ಅದರ ಬೆನ್ನಿಗೆ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಮುದ್ದೆಯ ಪಕ್ಕಕ್ಕೆ ಇಟ್ಟರು. ಚಾರ್ಜು ಮುಗಿದೀತೆಂದು ವೈರನ್ನೂ ಸಿಕ್ಕಿಸಿದರು. ಬಿಳಿಯ ವೈರು ಅನ್ನದ ಮೇಲೆ ಹಾದು ಸ್ವಿಚ್‌ಬೋರ್ಡಿಗೆ ಹೋಯಿತು.

"ಥೂ, ಎಡೆ ಮೇಲೆ ಕರೆಂಟು. ಹಡಗಲ್ಲೂ ಇಂಥ ವೈರಿಂಗು ಕಂಡಿಲ್ಲ ನಾನು," ಎಂದರು ಚಿಕ್ಕಣ್ಣ.

"ಅವ್ನಿಗೆ ಪ್ರಾಣವಾಗಿತ್ತು ಅದು."

"ಪ್ರಾಣ ಆಗಿದ್ದು ಮೊನ್ನೆ ಮೊನ್ನೆಯಿಂದ. ಅದಕ್ಕೆ ಮುಂಚೆ ಬೀಡಿ ಕಟ್ಟಿನಂಗಿದ್ದ ಫೋನಲ್ಲೇ ಬದುಕಿರ್ಲಿಲ್ವಾ?"

"ಅಪ್ಪಾ, ನೀನು ಊರುಕೋ, ಸುಮ್ನಿರು," ಎಂದಳು ಕೃಪಾ. ಅಳುತ್ತಳುತ್ತಲೇ ತನ್ನ ಫೋನು ತೆಗೆದು ಎಡೆಯ ಫೋಟೋ ಹಿಡಿದಳು. ವೈರು ಚೌಕಟ್ಟಿನಲ್ಲಿ ಬರದ ಹಾಗೆ ಸ್ವಲ್ಪ ಬಗ್ಗಿದಳು. ಆಮೇಲೆ ತನ್ನ ಹುಟ್ಟಿದ ದಿನವನ್ನು ಹಾಕಿ ನೋಡಲು ತೇಜಸ್‌ಗೆ ಹೇಳಿದಳು. "ನನ್ನದೇ ಇಟ್ಟಿರ್ತಾನೆ ನೋಡು, ಅಣ್ಣಂಗೆ ನಾನಂದ್ರೆ..." ಫೋನು ಒಪ್ಪಲಿಲ್ಲ. ಮೇಲಿಂದ ಮೇಲೆ ತಪ್ಪು ಹಾಕಿದ್ದಕ್ಕೆ ಮುನಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದಿತು. ಕೃಪಾಳ ಅಳುವಿಗೆ ಬೇರೆಯೇ ಒಂದು ರುಚಿ ಸೇರಿತು. ಯಾರೊಬ್ಬರ ತಾರೀಖೂ ಅಲ್ಲದ ಆ ಅಂಕಿಗಳು ಯಾರದಿರಬಹುದು ಎಂದು ಅವಳು ಅತ್ತಿಗೆಯ ಮುಖವನ್ನೇ ಓರೆಯಾಗಿ ನೋಡಿದಳು.

ಅವತ್ತಿನಿಂದ ಫೋನು ಎಡೆಯ ಜಾಗದಲ್ಲೇ ಉಳಿಯಿತು. ದಿನವೂ ಚಂದ್ರಮ್ಮ ಗಂಧದಕಡ್ಡಿ ಹಚ್ಚುವರು, ಫೋನಿಗೆ ಕುಂಕುಮ ಇಡುವರು, ಚಾರ್ಜಿಗೆ ಹಾಕುವರು. ಕೋಡು ಒತ್ತುವ ಗೋಜಿಗೆ ಅವರೊಬ್ಬರು ಮಾತ್ರ ಹೋಗಲಿಲ್ಲ. ಪಾಳಿಯ ಅಲಾರಂ ದಿನವೂ ಕೂಗುವುದು, ನಿಶ್ಚಿತಾ ಎದ್ದು ಸುಮ್ಮನಾಗಿಸುವಳು, ಹಾಲಿನ ಪ್ಯಾಕೆಟ್ಟು ಒಳಗೆ ತರುವಳು.

ತೇಜಸ್ ಮಾತ್ರ ಸುಮ್ಮನಾಗಲಿಲ್ಲ. ಅವನದು ದುವ್ವಾಡದ ಎಸ್‌ಇಜಡ್‌ನಲ್ಲಿ ಕ್ವಾಲಿಟಿ ಚೆಕಿಂಗ್. ಕಾಲೇಜು ಮೆಟ್ಟಿಲು ಹತ್ತಿದಂದಿನಿಂದ ಊಟದ ಹೊತ್ತಿಗೆ ಆಂಡ್ರಾಯ್ಡ್ ಪುರಾಣ ಓದಿದವನು ಅವನೇ. ಅರ್ಧ ಬೆಲೆಗೆ ಎರಡರಷ್ಟು ರ‍್ಯಾಮು, ಬೇಕಾದದ್ದನ್ನು ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು, ಐಫೋನ್ ಕೊಳ್ಳುವವರು ತಲೆ ಇಲ್ಲದ ಕುರಿಗಳು. ಈಗ ಅದೇ ಬಾಯಲ್ಲಿ ಬೇರೆ ಶ್ಲೋಕ ಬರತೊಡಗಿತು.

"ಸೆಕ್ಯುರಿಟಿ ಅಂದ್ರೆ ಆ್ಯಪಲ್ಲೇ ಅತ್ತಿಗೆ. ಆಂಡ್ರಾಯ್ಡ್ ಎರಡು ವರ್ಷಕ್ಕೆ ಸ್ಲೋ ಆಗ್ಬಿಡುತ್ತೆ."

"ಕುರಿಗಳು ಅಂತಿದ್ದೆ?"

"ಅದಿ ಅಪ್ಪುಡು. ಆವಾಗಿನ ಮಾತು." ಸೊಪ್ಪಿನ ಸಾರಿಗೆ ಅನ್ನ ಕಲಸುತ್ತ ಮುಂದುವರಿಸಿದ. "ಸುಮ್ನೆ ಫೋಟೋ ಮುಂದೆ ಇಟ್ಟು ಹಾಳಾಗೋದು ಯಾಕೆ ಅಂತ. ಗಾಜುವಾಕ ಜಂಕ್ಷನ್‌ನಲ್ಲಿ ಒಬ್ಬ ಇದಾನೆ, ಎಂಥ ಲಾಕೂ ತೆಗೀತಾನಂತೆ."

"ದೇವ್ರ ಮುಂದ್ಲದ್ದು ಮುಟ್ಬೇಡ," ಎಂದರು ಚಂದ್ರಮ್ಮ, ತಟ್ಟೆಯಿಂದ ತಲೆ ಎತ್ತದೆ.

"ಅಣ್ಣ ದೇವರಾ ಅಮ್ಮಾ?"

"ಸತ್ಮೇಲೆ ಎಲ್ರೂ ದೇವ್ರೇ. ನೀನೂ ಆಗ್ತೀಯ, ಉಣ್ಣು."

ತೇಜಸ್‌ನ ಅವಸರಕ್ಕೆ ಕಾರಣವಿತ್ತು. ಸೀತಾಮಹಾಲಕ್ಷ್ಮಿಯವರ ತಮ್ಮನ ಮಗಳು ಉಷಶ್ರೀಯನ್ನು ಅವನಿಗೆ ನೋಡುವ ಮಾತು ಜಗದೀಶ ಇದ್ದಾಗಲೇ ಎದ್ದಿತ್ತು. ಈಗ, ವರ್ಷದೊಳಗೆ ಮಾಡದಿದ್ದರೆ ಮೂರು ವರ್ಷ ಕಾಯಬೇಕೆಂಬ ಶಾಸ್ತ್ರವೊಂದನ್ನು ಕೃಪಾ ಹುಡುಕಿ ತೆಗೆದಿದ್ದಳು. ಶಾಸ್ತ್ರಕ್ಕೆ ಈ ಮನೆಯವರು ಯಾವತ್ತೂ ಕಾದವರಲ್ಲ, ಬೇಕಾದಾಗ ಅದೇ ಬಂದು ಬಾಗಿಲು ತಟ್ಟುತ್ತಿತ್ತು. ಸ್ಪೀಕರಿನಲ್ಲಿ ಅವಳ ದನಿ ಇಡೀ ನಡುಮನೆಗೆ ಕೇಳುವುದು.

"ಅಮ್ಮಾ, ಅವರ ಮನೆಯಲ್ಲಿ ಎಲ್ಲ ನೋಡ್ತಾರೆ. ಹುಡುಗ ಏನು ವಾಚು, ಏನು ಫೋನು. ತೇಜು ಆ ಡೊಕ್ಕು ಲಟಾರಿ ಫೋನ್ ಹಿಡ್ಕೊಂಡು ಬಂದರೆ ನನ್ನ ಮುಖ ಎಲ್ಲಿಡಲಿ? ಅಣ್ಣನ ಫೋನ್ ಅವನಿಗೆ ಕೊಟ್ಟುಬಿಡಿ. ಅತ್ತಿಗೆಗೆ ತೇಜುದು ಸಾಕು ಕದಾ. ಅವರು ಈಗ ಯಾರಿಗೆ ತೋರಿಸಬೇಕು?"

ನಿಶ್ಚಿತಾ ನಡುಮನೆಯಲ್ಲೇ ಕೂತು ಅವರೇಕಾಯಿ ಬಿಡಿಸುತ್ತಿದ್ದಳು. ಚಿಕ್ಕಣ್ಣ ಕೆಮ್ಮಿ, "ಸ್ಪೀಕರಲ್ಲಿ ಐತಮ್ಮ," ಎಂದರು.

"ಇರಲಿ ಅಪ್ಪಾ, ಅತ್ತಿಗೆ ಓದಿದೋರು. ಅರ್ಥ ಮಾಡ್ಕೊಂತಾರೆ."

ಓದಿದವಳು ಅರ್ಥ ಮಾಡಿಕೊಂಡು ಹುಳುಕು ಕಾಯಿಯನ್ನು ಬೇರೆ ಹಾಕಿದಳು.

ಆ ಸಂಜೆ ಫಣಿಯಿಂದ ಮೆಸೇಜು ಬಂದಿತ್ತು. ತೆಲುಗನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ, ಅತ್ತಿಗೆ ಎನ್ನಲು ವದಿನಾ ಎಂದು. ವದಿನಾ, ಫೋನಿಗೆ ಏನೂ ಅವಸರ ಇಲ್ಲ, ನೀವು ಊಟ ಮಾಡ್ತಾ ಇದ್ದೀರಲ್ಲ? ಅಷ್ಟೇ. ಅವಸರವಿಲ್ಲ ಎಂದು ಬರೆಯುವ ಮನುಷ್ಯ ಎಷ್ಟು ದಿನ ಅದನ್ನು ಬಾಯೊಳಗೆ ಇಟ್ಟುಕೊಂಡಿದ್ದನೋ. ನಿಶ್ಚಿತಾ ಅದನ್ನು ಮಾತ್ರ ಅಳಿಸಲಿಲ್ಲ.

*

ಆಂಧ್ರದವರಲ್ಲಿ ಸಾವಿನ ಮನೆಯವರು ಕರ್ಮವೆಲ್ಲ ಮುಗಿದ ಮೇಲೆ ನೆಂಟರ ಮನೆಗೆ ಹೋಗಿ ಒಂದು ರಾತ್ರಿ ಮಲಗಿ ಬರುವ ರೂಢಿಯಿದೆ. ನಿದ್ರ ಎನ್ನುತ್ತಾರೆ. ಬೀಗರು ನಿದ್ರಕ್ಕೆ ಬರಬೇಕೆಂದು ಸೀತಾಮಹಾಲಕ್ಷ್ಮಿ ತಾವೇ ಫೋನು ಮಾಡಿದರು. ಚಿಕ್ಕಣ್ಣ, "ನಂಗೆ ನಿದ್ದೆ ಇಲ್ಲೇ ಬರುತ್ತೆ," ಎಂದು ಉಳಿದರು. ಚಂದ್ರಮ್ಮ, ತೇಜಸ್, ನಿಶ್ಚಿತಾ ವಿಜಯವಾಡಕ್ಕೆ ಹೊರಟರು. ಚಂದ್ರಮ್ಮ ಐಫೋನನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು. ಯಾಕೆಂದು ಕೇಳಿದ ಸೊಸೆಗೆ, "ಮನೇಲಿ ಬಿಟ್ರೆ ನಿನ್ನ ಮಾವ ಪ್ಲಗ್ಗು ಕಿತ್ತಾಕ್ತಾರೆ," ಎಂದರು. ತಾವು ಹಿಡಿದುಕೊಂಡಿದ್ದರೆ ತೇಜಸ್ ಕೈಗೆ ಸಿಗುವುದಿಲ್ಲವೆಂಬ ಲೆಕ್ಕವನ್ನು ಹೇಳಲಿಲ್ಲ.

ಹೊಸ ಫ್ಲ್ಯಾಟಿನಲ್ಲಿ ಊಟದ ಟೇಬಲ್ಲಿಗೆ ಗಾಜಿನ ಹೊದಿಕೆ. ಗೋಂಗೂರ, ಗುತ್ತಿ ವಂಕಾಯ, ಮುದ್ದಪಪ್ಪು, ತುಪ್ಪ. ನಿಶ್ಚಿತಾಳಿಗೆ ಎಲ್ಲಕ್ಕಿಂತ ಕೊನೆಗೆ ಬಡಿಸಿದರು. ಅದು ಮರೆವಲ್ಲ, ಕ್ರಮ. ಟೇಬಲ್ಲಿನ ತುದಿಯಲ್ಲಿ ಸೀತಾಮಹಾಲಕ್ಷ್ಮಿಯವರ ಫೋನು ಬೆನ್ನು ಮೇಲಾಗಿ ಮಲಗಿತ್ತು.

"ವದಿನಗಾರೂ," ಎಂದು ಅವರು ಚಂದ್ರಮ್ಮನಿಗೆ ತುಪ್ಪ ಹಾಕುತ್ತ ಶುರುಮಾಡಿದರು. ಮಾತೆಲ್ಲ ತೆಲುಗಿನಲ್ಲೇ. "ಹುಡುಗನ ಫೋನು ತಂದಿದ್ದೀರಂತಲ್ಲ. ಒಳ್ಳೆಯದಾಯಿತು. ನಮ್ಮ ಅನಿಲ್ ನಾಳೆ ಅಂಗಡಿಗೆ ಕೊಂಡೊಯ್ದು ಎಲ್ಲ ಅಳಿಸಿ ಹೊಸದರ ಹಾಗೆ ಮಾಡಿಸುತ್ತಾನೆ. ಭಾನುವಾರ ಉಷ ಮನೆಯವರು ಬರುತ್ತಾರೆ, ತೇಜಸ್ ಕೈಯಲ್ಲಿ ಇದ್ದರೆ ಲಕ್ಷಣ."

"ಬಿಲ್ ಇದ್ದರೆ ಸುಲಭ," ಎಂದ ಅನಿಲ್‌ಕುಮಾರ್. "ಬಾವಗಾರು ಎಲ್ಲಿ ತಗೊಂಡಿದ್ದು?"

ಚಂದ್ರಮ್ಮ ಪಪ್ಪಿಗೆ ಅನ್ನ ಕಲಸುತ್ತಲೇ ಇದ್ದರು, ಕಲಸಿದ್ದು ಬಾಯಿಗೆ ಹೋಗಲಿಲ್ಲ.

"ಅಳಿಸೋದು ಬೇಡ," ಎಂದಳು ನಿಶ್ಚಿತಾ.

"ಅದರಲ್ಲಿ ಫೋಟೋ ಇವೆ ಅಂತಲಾ ಅಮ್ಮಾ? ಕೋಡೇ ಗೊತ್ತಿಲ್ಲ, ಇದ್ದರೇನು ಇಲ್ಲದಿದ್ದರೇನು. ನಿನಗೆ ತೇಜಸ್‌ದು ಕೊಡ್ತಾನೆ. ಆಂಡ್ರಾಯ್ಡ್ ಸಾಕು ತಲ್ಲೀ ನಿನಗೆ. ಪಾಪಂ, ನೀನು ಇನ್ನು ಯಾರಿಗೆ ಫೋಟೋ ಕಳಿಸಬೇಕು."

ಸೀತಾಮಹಾಲಕ್ಷ್ಮಿಯವರ ದನಿಯಲ್ಲಿ ನಿಜವಾಗಿಯೂ ಕರುಣೆಯಿತ್ತು. ನಿಶ್ಚಿತಾಳಿಗೆ ಅದೇ ಅಸಹ್ಯವಾದದ್ದು. ಕೈ ತೊಳೆದು ಬಂದಳು. ಅತ್ತೆಯ ಬ್ಯಾಗಿನಿಂದ ಕರ್ಚೀಫಿನ ಗಂಟು ತೆಗೆದು ಗಾಜಿನ ಮೇಲೆ ಬಿಚ್ಚಿದಳು. ಕುಂಕುಮದ ಪುಡಿ ಉದುರಿತು.

"ನನಗೆ ಆಂಡ್ರಾಯ್ಡೇ ಬೇಕು," ಎಂದಳು. "ಆದರೆ ತೇಜಸ್‌ದಲ್ಲ."

ಪಾಲಕೊಂಡದ ಪಿನ್‌ಕೋಡು ಒತ್ತಿದಳು. ಫೋನು ಬಾಯಿ ತೆರೆಯಿತು.

ತೇಜಸ್ ಕುರ್ಚಿಯಿಂದ ಅರ್ಧ ಎದ್ದ. "ಗೊತ್ತಿಲ್ಲ ಅಂದ್ರಿ."

"ಅಂದೆ."

ಫೋಟೋಗಳನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು. "ಇದು ನಿಮ್ಮ ಫಾಲ್ಸ್ ಸೀಲಿಂಗ್. ಇದು ನಿಮ್ಮ ಕಿಚನ್. ಇದು ಮತ್ತೆ ಸೀಲಿಂಗ್, ಲೈಟ್ ಹಾಕಿದ ಮೇಲೆ. ಇದು ನಿಮ್ಮ ಲಿಫ್ಟು." ಗೃಹಪ್ರವೇಶದ ಫೋಟೋಗಳು ಮುಗಿದವು. ಅದಕ್ಕೂ ಹಿಂದಿನದಕ್ಕೆ ಬೆರಳು ಸರಿಸಿದಾಗ ಒಬ್ಬ ಹೆಂಗಸು ಬಂದಳು. ಕಾಟನ್ ಸೀರೆ, ಕಂಕುಳಲ್ಲಿ ಮಗು, ಸಮುದ್ರ ತೀರ. ಮತ್ತೆ ಅದೇ ಹೆಂಗಸು, ತಲೆಗೆ ಎಣ್ಣೆ ಹಚ್ಚಿಕೊಂಡು.

ಕೃಪಾ ಟೇಬಲ್ಲಿನ ಮೇಲೆ ಮುಂದಕ್ಕೆ ಬಗ್ಗಿದಳು. "ಎವರು ಅತ್ತಿಗೆ ಅವಳು?"

"ಫೋನಿನ ಯಜಮಾನರ ಹೆಂಡತಿ." ನಿಶ್ಚಿತಾ ಫೋನನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿದಳು. "ಫಣಿ ಅಂತ, ಇವರ ಜೊತೆ ಕೆಲಸ ಮಾಡ್ತಾರೆ. ಗೃಹಪ್ರವೇಶಕ್ಕೆ ಬರೋದಕ್ಕೆ ಇವರು ಎರವಲು ತಗೊಂಡಿದ್ದರು. ಇವರ ಆಂಡ್ರಾಯ್ಡು ನಿಮ್ಮ ಮನೆಯಲ್ಲಿ ನಡೀತಿರಲಿಲ್ಲವಲ್ಲ, ಅದಕ್ಕೆ."

ಅನಿಲ್‌ಕುಮಾರ್ ತಟ್ಟೆಯ ಅಂಚಿನ ಕರಿಬೇವನ್ನು ಸಾಲಾಗಿ ಜೋಡಿಸುತ್ತಿದ್ದ. ಸೀತಾಮಹಾಲಕ್ಷ್ಮಿ ಅವಳ ಕಡೆಗೆ ಮೊಸರಿನ ಬಟ್ಟಲು ಸರಿಸಿ, "ಪೋನೀಲೇ ಅಮ್ಮಾ, ಹೋಗಲಿ ಬಿಡು. ಪೆರುಗು ಹಾಕಿಕೋ," ಎಂದರು. ಇನ್ನೊಂದು ಕೈ ಟೇಬಲ್ಲಿನ ತುದಿಯಲ್ಲಿದ್ದ ತಮ್ಮ ಫೋನನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡಿತು.

"ಇದನ್ನ ಇಲ್ಲೇ ಹೇಳ್ಬೇಕಿತ್ತಾ ಅತ್ತಿಗೆ?" ಎಂದಳು ಕೃಪಾ, ಕನ್ನಡದಲ್ಲಿ, ಅತ್ತೆಗೂ ಗಂಡನಿಗೂ ಅರ್ಥವಾಗದಿರಲೆಂದು.

"ನಿಮ್ಮಣ್ಣ ಇದನ್ನ ಇಲ್ಲಿಗೋಸ್ಕರ ತಾನೆ ತಂದಿದ್ದು."

*

ಬೆಳಗಿನ ರೈಲಿಗೆ ಹೊರಟಾಗ ತೇಜಸ್ ಬರಲಿಲ್ಲ. ಭಾನುವಾರದವರೆಗೆ ಅಕ್ಕನ ಮನೆಯಲ್ಲೇ ಉಳಿದ. ಅನಿಲ್‌ಕುಮಾರ್ ತನ್ನ ಹಳೆಯ ಐಫೋನನ್ನು ಆ ದಿನದ ಮಟ್ಟಿಗೆ ಕೊಡುತ್ತೇನೆಂದಿದ್ದ. ಎರವಲಿನ ಕಥೆ ಕೇಳಿ ಆ ಮನೆ ಕಲಿತ ಪಾಠ ಅದು.

ಚಂದ್ರಮ್ಮ ಕಿಟಕಿಯ ಪಕ್ಕ ಕೂತರು. ಏಲೂರಿನಲ್ಲಿ ಇಡ್ಲಿ ಪೊಟ್ಟಣ ಕೊಂಡು ಸೊಸೆಯ ಮಡಿಲಿಗಿಟ್ಟರು, ತಾವು ತಿನ್ನಲಿಲ್ಲ. ಗೋದಾವರಿಯ ಸೇತುವೆಯ ಮೇಲೆ ಎಲ್ಲರೂ ಕಿಟಕಿಯಿಂದ ನಾಣ್ಯ ಎಸೆಯತೊಡಗಿದರು. ಆಗ ಚಂದ್ರಮ್ಮ ಹೊರಗೆ ನೋಡುತ್ತಲೇ ಹೇಳಿದರು.

"ನಂಗೆ ಗೊತ್ತಿತ್ತು."

"ಏನು?"

"ಫಣಿದು ಅಂತ. ನಿಂಗೆ ಹೇಳೋಕೆ ಮುಂಚೆ ನಂಗೆ ಹೇಳಿದ್ದ. ಇಸ್ಕೊಂಡು ಬಾ ಅಂದೋಳೇ ನಾನು. ಅವತ್ತು ಕಿವಿ ಚುಚ್ಚಿದ್ ದಿನ ಆ ಹೆಂಗಸು 'ಪಾಪಂ' ಅಂದ್ಲಲ್ಲ, ನಂಗೆ ಅನ್ನ ಗಂಟ್ಲಲ್ಲಿ ಇಳೀಲಿಲ್ಲ."

"ಎರಡು ದಿನ ಅಂದವರು ವಾಪಸ್ ಕೊಡಲಿಲ್ಲವಲ್ಲ."

"ಕೊಡ್ತೀನಿ ಅಂತಾನೇ ಇದ್ದ. ಉಗಾದಿಗೆ ಕೃಪಾ ಬತ್ತಾಳೆ, ಆಮೇಲೆ ಕೊಡು ಅಂದೆ. ಆಮೇಲೆ ಮಗೀನ ಹುಟ್ಟಿದಬ್ಬ ಅಂದೆ. ನಾನೇ ಅಂತಿದ್ದೆ, ಇನ್ನೊಂದ್ ವಾರ, ಇನ್ನೊಂದ್ ವಾರ ಅಂತ."

ನಿಶ್ಚಿತಾ ಇಡ್ಲಿಯ ಪೊಟ್ಟಣ ಮಡಚಿದಳು. "ಮತ್ತೆ ಎಡೆಗೆ ಯಾಕೆ ಇಟ್ರಿ? ಕುಂಕುಮ ಬೇರೆ."

"ದೇವ್ರ ಮುಂದೆ ಇಟ್ರೆ ಯಾರೂ ಕೇಳಲ್ಲ, ಯಾರೂ ಮುಟ್ಟಲ್ಲ ಅಂತ. ತೇಜುಗೂ ಸಿಕ್ಕಲ್ಲ, ನಿಜಾನೂ ಆಚೆ ಬರಲ್ಲ."

"ಫಣಿ ಬಂದು ಕೇಳಿದ್ದರೆ?"

"ಕೇಳ್ತಿರ್ಲಿಲ್ಲ ಬುಡು. ಮಾನಸ್ಥ."

ಮಾನಸ್ಥನ ವಸ್ತುವನ್ನು ದೇವರ ಮುಂದೆ ಇಟ್ಟು ದಕ್ಕಿಸಿಕೊಳ್ಳುವುದು. ನಿಶ್ಚಿತಾ ಅತ್ತೆಯ ಮುಖ ನೋಡಿದಳು. ನಿನ್ನೆಯವರೆಗೆ ಅವರನ್ನು ದಡ್ಡರೆಂದುಕೊಂಡಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ಸುಖವಿತ್ತು.

"ಯಾರ್ಡಲ್ಲೂ ಅದ್ನ ಮುಚ್ಚಿ ಮುಚ್ಚಿ ಇಟ್ಕೊಂತಿದ್ದನಂತೆ," ಎಂದರು ಚಂದ್ರಮ್ಮ. ಸೇತುವೆ ಮುಗಿದಿತ್ತು. "ನನ್ನಿಂದ ಅದೊಂದ್ ಕಾಟ ಆಯ್ತು ಅವ್ನಿಗೆ."

ನಿಶ್ಚಿತಾ ಇಲ್ಲ ಎನ್ನಲಿಲ್ಲ. ಪೊಟ್ಟಣ ಬಿಚ್ಚಿ ಒಂದು ಇಡ್ಲಿ ಮುರಿದು ಅತ್ತೆಯ ಕೈಗಿಟ್ಟಳು. ಹಸಿದವರಿಗೆ ಕೊಡಬೇಕು, ಅಷ್ಟೆ. ಚಂದ್ರಮ್ಮ ತಿಂದರು.

ಆಮೇಲೆ ಅವಳು ಕರ್ಚೀಫು ಬಿಚ್ಚಿ, ನೀರಿನ ಬಾಟಲಿಯಿಂದ ತುದಿ ಒದ್ದೆ ಮಾಡಿಕೊಂಡು ಫೋನು ಒರೆಸತೊಡಗಿದಳು. ವಿಭೂತಿ ಹೋಯಿತು. ಕುಂಕುಮ ಬೆನ್ನಿನಿಂದ ಹೋಯಿತು, ಕ್ಯಾಮೆರಾದ ಸುತ್ತಿನ ಸಂದಿಯಿಂದ ಹೋಗಲಿಲ್ಲ.

ದುವ್ವಾಡದಲ್ಲಿ ಇಳಿದರು. ಫಣಿ ಪ್ಲಾಟ್‌ಫಾರ್ಮಿನ ಬೆಂಚಿನ ಹತ್ತಿರ ನಿಂತಿದ್ದ. ಬೆಳಿಗ್ಗೆ ಅವಳು ಫೋನು ಮಾಡಿದ್ದಕ್ಕೆ ಪಾಳಿಯ ನಡುವೆ ಅಪ್ಪಣೆ ಕೇಳಿಕೊಂಡು ಬಂದಿದ್ದ, ಮೈಮೇಲೆ ಯಾರ್ಡಿನ ನೀಲಿ ಬಟ್ಟೆಯೇ ಇತ್ತು. ಚಂದ್ರಮ್ಮನನ್ನು ನೋಡಿ ಕೈ ಮುಗಿದ. ಅವರು ಬೆಂಚಿನ ತುದಿಗೆ ಕೂತು ಹಳಿಯ ಕಡೆ ನೋಡಿದರು.

"ನಾನೇ ಮನೆಗೆ ಬರ್ತಿದ್ದೆ ವದಿನಾ, ನಿಮಗೆ ಯಾಕೆ ತೊಂದರೆ," ಎಂದ ಫಣಿ ತೆಲುಗಿನಲ್ಲಿ.

"ಬಂದಿದ್ದರೆ ಮುದ್ದೆ ಪಕ್ಕದಿಂದ ತಗೋಬೇಕಾಗ್ತಿತ್ತು."

ಅವನಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದ. ಸಿಮ್ಮುಗಳನ್ನು ಬದಲಾಯಿಸಬೇಕಿತ್ತು. ಆ ಸಣ್ಣ ತೂತಿಗೆ ಚುಚ್ಚುವ ಕಡ್ಡಿ ಯಾರ ಹತ್ತಿರವೂ ಇರಲಿಲ್ಲ. ಫಣಿ ಜೇಬು ತಡಕಿದ, ಬರೀ ಕಾಟನ್ ವೇಸ್ಟು ಸಿಕ್ಕಿತು. ಚಂದ್ರಮ್ಮ ತಮ್ಮ ಕರಿಮಣಿಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಸೊಸೆಯ ಕೈಗೆ ಚಾಚಿದರು. ನಿಶ್ಚಿತಾಳ ಕೊರಳಲ್ಲಿ ಪಿನ್ನು ಹಾಕಲು ಈಗ ಏನೂ ಇರಲಿಲ್ಲ.

ಜಗದೀಶನ ಸಿಮ್ಮು ಹಳೆಯ ಆಂಡ್ರಾಯ್ಡಿಗೆ ಮರಳಿತು. ಫೋನು ಅವಳ ಅಂಗೈಗೆ ಬಂತು, ಒಡೆದ ಮೂಲೆ ಅದರದೇ ಜಾಗದಲ್ಲಿ ಚುಚ್ಚಿತು.

"ಅವನ ರೆಕಾರ್ಡುಗಳು ಎಲ್ಲ ಹಾಗೇ ಇವೆ," ಎಂದ ಫಣಿ. "ಒಂದನ್ನೂ ಅಳಿಸಿಲ್ಲ. ನಾವೂ ಕೆಲವೊಂದು ಸಲ ಹಾಕ್ಕೊಂಡು ಕೇಳ್ತೀವಿ, ಕೆಲಸಕ್ಕೆ." ಮತ್ತೆ ಸೇರಿಸಿದ. "ಅಸ್ತಮಾ ಅಂತ ಯಾರೋ ಹೇಳ್ತಾರೆ ಒಂದರಲ್ಲಿ."

"ನಾನೇ."

ಫಣಿ ತನ್ನ ಐಫೋನನ್ನು ತಿರುಗಿಸಿ ನೋಡಿದ. ಕ್ಯಾಮೆರಾದ ಸಂದಿಯ ಕೆಂಪನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದ, ಏನೆಂದು ಕೇಳಲಿಲ್ಲ. ಒಳಗೆ ಏನೋ ಕಂಡು ತಡವರಿಸಿದ. "ಇದರಲ್ಲಿ ಅವನ ಅಲಾರಂ ಇದೆ ವದಿನಾ. ತೆಗೆಯಲಾ?"

ನಿಶ್ಚಿತಾ ಬಾಯಿ ತೆರೆಯುವ ಮುಂಚೆ ಬೆಂಚಿನಿಂದ ಚಂದ್ರಮ್ಮ ಕೇಳಿದರು, ತಮ್ಮ ಮುರುಕು ತೆಲುಗಿನಲ್ಲಿ. "ನಿನ್ನ ಪಾಳಿ ಯಾವುದಪ್ಪಾ?"

"ಅದೇ ಅಮ್ಮಾ. ಬೆಳಗಿನದು."

"ಹಂಗಾದ್ರೆ ಇರ್ಲಿ ಬುಡು," ಎಂದರು ಕನ್ನಡದಲ್ಲಿ.

ಅವನು ಹೊರಡಲು ತಿರುಗಿದ. "ನಿಲ್ಲಿ," ಎಂದಳು ನಿಶ್ಚಿತಾ. ಬ್ಯಾಗಿನ ತಳದಿಂದ ಬಿಳಿಯ ಚಾರ್ಜರ್ ತೆಗೆದಳು. "ಇದೂ ನಿಮ್ಮದೇ." ವೈರಿಗೆ ಎಡೆಯ ಅನ್ನದ ಅಗುಳೊಂದು ಒಣಗಿ ಕಚ್ಚಿಕೊಂಡಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆದು, ವೈರನ್ನು ಬಿಗಿಯಾಗಿ ಸುತ್ತಿ, ಅವನ ಕೈಗೆ ಕೊಟ್ಟಳು.